ವೈರೇ ಇಲ್ಲ, ಆದ್ರೂ ಸಿಗ್ನಲ್ ಬಂತು

ಈ ಸೆಮ್‌ನಲ್ಲಿ ನಮಗೆ ಬಯಾಲಜಿ ಫಾರ್ ಎಂಜಿನಿಯರ್ಸ್ ಪೇಪರ್ ಇದೆ. ಅದನ್ನ ಎಷ್ಟು ಜನ ಸೀರಿಯಸ್ಸಾಗಿ ತಗೊಂಡಿದ್ದೀವಿ ಅಂತ ಮಾತ್ರ ಕೇಳಬೇಡಿ. ಅಸೈನ್‌ಮೆಂಟ್‌ನಲ್ಲಿ ನಾನು ಮೆದುಳು ಅಂದ್ರೆ ದೊಡ್ಡ ಸರ್ಕ್ಯೂಟ್, ನರಕೋಶ ಅಂದ್ರೆ ನೋಡ್, ನರತಂತು ಅಂದ್ರೆ ವೈರ್ ಅಂತ ಬರೆದು, ಚಂದದ ಡಯಾಗ್ರಾಂ ಹಾಕಿ, ಪೂರ್ತಿ ಮಾರ್ಕ್ಸ್ ತಗೊಂಡೆ. ಆಮೇಲೆ ಕಪ್ಪೆಯ ಮೇಲೆ ಮಾಡಿದ ಒಂದು ಹಳೇ ಪ್ರಯೋಗದ ಬಗ್ಗೆ ಓದಿದೆ. ನನ್ನ ಡಯಾಗ್ರಾಂನಲ್ಲಿ ಅರ್ಧ ವಿಷಯ ಬಿಟ್ಟುಹೋಗಿದೆ ಅಂತ ಆಗ ಗೊತ್ತಾಯ್ತು.

ಯಾಕೆ ಕಪ್ಪೆ? ನಮ್ಮ ಅಮ್ಮ ಪಿಯುಸಿಯಲ್ಲಿ ಕಪ್ಪೆ ಕೊಯ್ದವರು. "ಕೊಯ್ದ ಮೇಲೂ ಅದರ ಹೃದಯ ಬಡ್ಕೋತಾನೇ ಇತ್ತು ಕಣೋ" ಅಂತ ಈಗಲೂ ಮುಖ ಸಿಂಡರಿಸಿಕೊಂಡು ಹೇಳ್ತಾರೆ. ಕಾರಣ ಅದೇ. ಕಪ್ಪೆ ತಣ್ಣನೆ ರಕ್ತದ ಪ್ರಾಣಿ, ಅದರ ಅಂಗಾಂಶವನ್ನು ಹೊರಗೆ ತೆಗೆದು ಉಪ್ಪುನೀರಿನಲ್ಲಿ ಇಟ್ಟರೆ ರೂಮ್ ಟೆಂಪರೇಚರ್‌ನಲ್ಲೇ ಗಂಟೆಗಟ್ಟಲೆ ಕೆಲಸ ಮಾಡುತ್ತೆ. ನರಕೋಶಗಳೂ ದೊಡ್ಡವು, ಎಲೆಕ್ಟ್ರೋಡ್ ಚುಚ್ಚೋದು ಸುಲಭ.

ಅಮೆರಿಕದ ಬುಲ್‌ಫ್ರಾಗ್ ಅನ್ನೋ ದೊಡ್ಡ ಕಪ್ಪೆಯ ಬೆನ್ನುಮೂಳೆಯ ಎರಡೂ ಪಕ್ಕದಲ್ಲಿ ಮಣಿಸರದ ಹಾಗೆ ನರಗಂಟುಗಳಿವೆ. ಕೊನೆಯ ಎರಡು ಗಂಟುಗಳಲ್ಲಿ, ಅಂದ್ರೆ 9 ಮತ್ತು 10ನೇದರಲ್ಲಿ, ಎರಡು ಜಾತಿಯ ಕೋಶಗಳು ಅಕ್ಕಪಕ್ಕ ಕೂತಿರುತ್ತವೆ: ದೊಡ್ಡ 'ಬಿ' ಕೋಶ, ಚಿಕ್ಕ 'ಸಿ' ಕೋಶ. ಪ್ರಯೋಗ ಮಾಡೋರ ಅದೃಷ್ಟ ಏನಂದ್ರೆ ಇವೆರಡಕ್ಕೂ ಇನ್‌ಪುಟ್ ಬೇರೆ ಬೇರೆ ದಾರಿಯಲ್ಲಿ ಬರುತ್ತೆ. ಬಿ ಕೋಶದ ವೈರ್ ಸರದ ಮೇಲಿನ ಕಡೆಯಿಂದ ಇಳಿಯುತ್ತೆ, ಸಿ ಕೋಶದ ವೈರ್ 7 ಮತ್ತು 8ನೇ ಬೆನ್ನುಹುರಿ ನರಗಳಿಂದ ಬರುತ್ತೆ. ಬೇಕಾದ ಪಿನ್‌ಗೆ ಮಾತ್ರ ಪಲ್ಸ್ ಕೊಡಬಹುದು.

ಈಗ 7, 8ನೇ ನರಕ್ಕೆ ಕೆಲವು ಸೆಕೆಂಡ್ ಪಲ್ಸ್ ಕೊಡಿ, ಎಲೆಕ್ಟ್ರೋಡನ್ನ ಬಿ ಕೋಶದೊಳಗೆ ಇಡಿ. ಆ ನರ ಬಿ ಕೋಶಕ್ಕೆ ಕನೆಕ್ಟೇ ಆಗಿಲ್ಲ, ಹಾಗಾಗಿ ಏನೂ ಆಗಬಾರದು. ಆದರೆ ಬಿ ಕೋಶದ ವೋಲ್ಟೇಜ್ ಮೆಲ್ಲಗೆ ಏರುತ್ತೆ, ಏರಿ ನಿಮಿಷಗಟ್ಟಲೆ ಹಾಗೇ ಇರುತ್ತೆ! ಮಾಮೂಲಿ ಸಿನಾಪ್ಸ್ ಸಿಗ್ನಲ್ ಕೆಲವು ಮಿಲಿಸೆಕೆಂಡ್‌ಗಳಲ್ಲಿ ಮುಗಿದುಹೋಗೋ ಕೆಲಸ. ಇಂಥ ನಿಧಾನದ ಸಿಗ್ನಲ್ ಒಂದಿದೆ ಅಂತ 1960ರ ದಶಕದಲ್ಲೇ ಗೊತ್ತಿತ್ತು. ಅದನ್ನ ಹೊತ್ತು ತರೋ ರಾಸಾಯನಿಕ ಯಾವುದು ಅಂತ ಗೊತ್ತಿರಲಿಲ್ಲ.

ಇದನ್ನು ಬಿಡಿಸಿದ್ದು ಹಾರ್ವರ್ಡ್‌ನಲ್ಲಿ ಸ್ಟೀಫನ್ ಕಫ್ಲರ್ ಜೊತೆ ಕೆಲಸ ಮಾಡ್ತಿದ್ದ ಲಿಲಿ ಜಾನ್ ಮತ್ತು ಯು ನಂಗ್ ಜಾನ್ ದಂಪತಿ, 1979ರಲ್ಲಿ. ಇಬ್ಬರೂ ತೈವಾನ್‌ನಲ್ಲಿ ಫಿಸಿಕ್ಸ್ ಓದಿ, ಆಮೇಲೆ ಬಯಾಲಜಿಗೆ ಹಾರಿದವರು. (ಬ್ರಾಂಚ್ ಚೇಂಜ್ ಬಗ್ಗೆ ತಲೆ ಕೆಡಿಸಿಕೊಂಡಿರೋರು ಇದನ್ನ ಎರಡು ಸಲ ಓದಿ.) ಅವರ ಅನುಮಾನ ಎಲ್‌ಎಚ್‌ಆರ್‌ಎಚ್ ಅನ್ನೋ ಪೆಪ್ಟೈಡ್ ಮೇಲೆ. ಪೆಪ್ಟೈಡ್ ಅಂದ್ರೆ ಅಮೈನೋ ಆಮ್ಲಗಳ ಚಿಕ್ಕ ಸರ, ಇದರಲ್ಲಿ ಇರೋದು 10. ನಮ್ಮ ಮೆದುಳಿನಿಂದ ಪಿಟ್ಯುಟರಿ ಗ್ರಂಥಿಗೆ ಹೋಗಿ ಸಂತಾನೋತ್ಪತ್ತಿ ಹಾರ್ಮೋನುಗಳನ್ನು ಹೊರಡಿಸೋದು ಇದೇ. ಅಂಥದ್ದಕ್ಕೆ ಬೆನ್ನಿನ ಗಂಟಿನಲ್ಲಿ ಏನು ಕೆಲಸ?

ಅವರು ಸಾಬೀತು ಮಾಡಿದ ರೀತಿ ನಾವು ಸರ್ಕ್ಯೂಟ್ ಡೀಬಗ್ ಮಾಡೋ ಹಾಗೇ ಇದೆ. ಮೊದಲು, ವಸ್ತು ಅಲ್ಲಿದೆಯಾ? ಗಂಟನ್ನು ಪರೀಕ್ಷಿಸಿದಾಗ ಎಲ್‌ಎಚ್‌ಆರ್‌ಎಚ್‌ನಂಥದ್ದೇ ಒಂದು ಪೆಪ್ಟೈಡ್ ಸಿಕ್ಕಿತು. (ಕಪ್ಪೆಯದ್ದು ಸಸ್ತನಿಗಳದ್ದಕ್ಕಿಂತ ಸ್ವಲ್ಪ ಬೇರೆ ಅಂತ ಆಮೇಲೆ ಗೊತ್ತಾಯ್ತು.) ಅದು ಎಲ್ಲಿಂದ ಬರ್ತಿದೆ? 7, 8ನೇ ನರ ಕತ್ತರಿಸಿ ಕೆಲವು ದಿನ ಬಿಟ್ಟರೆ ಗಂಟಿನಲ್ಲಿ ಅದು ಬಹುತೇಕ ಖಾಲಿ. ನರ ಉದ್ರೇಕಗೊಂಡಾಗ ಹೊರಗೆ ಬರುತ್ತಾ? ಬರುತ್ತೆ, ಆದರೆ ಸುತ್ತ ಕ್ಯಾಲ್ಸಿಯಂ ಇದ್ದರೆ ಮಾತ್ರ, ಬೇರೆ ನರಸಂದೇಶವಾಹಕಗಳ ಹಾಗೆಯೇ. ನಾವೇ ಹಾಕಿದರೆ ಅದೇ ಔಟ್‌ಪುಟ್ ಬರುತ್ತಾ? ಸಣ್ಣ ಪಿಪೆಟ್‌ನಿಂದ ಬಿ ಕೋಶದ ಪಕ್ಕ ಎಲ್‌ಎಚ್‌ಆರ್‌ಎಚ್ ಊದಿದರೆ ಅದೇ ನಿಧಾನದ ಏರಿಕೆ. ಕೊನೆಗೆ, ಇದರ ರಿಸೆಪ್ಟರ್ ಅನ್ನು ಬ್ಲಾಕ್ ಮಾಡೋ ಔಷಧ ಹಾಕಿದರೆ? ಊದಿದ ಪೆಪ್ಟೈಡ್‌ಗೂ ಉತ್ತರ ಇಲ್ಲ, ನರಕ್ಕೆ ಪಲ್ಸ್ ಕೊಟ್ಟರೂ ಇಲ್ಲ. ನಂಗೆ ತುಂಬಾ ಹಿಡಿಸಿದ್ದು ಈ ಕೊನೇ ಟೆಸ್ಟ್. ಮೊದಲಿನವೆಲ್ಲ ಕಾಕತಾಳೀಯ ಇರಬಹುದು ಅಂತ ಯಾರಾದ್ರೂ ವಾದ ಮಾಡಬಹುದಿತ್ತು, ಇದಾದ ಮೇಲೆ ಕಷ್ಟ.

ಇನ್ನೊಂದು ಮಜಾ ಇದೆ. ಅದೇ ನರತುದಿ ಅಸಿಟೈಲ್‌ಕೋಲಿನ್ ಅನ್ನೋ ಇನ್ನೊಂದು ರಾಸಾಯನಿಕವನ್ನೂ ಬಿಡುತ್ತೆ. ಅದು ಸಿ ಕೋಶದ ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ. ಅಲ್ಲೇ ಎಂಜೈಮ್ ಅದನ್ನ ಒಡೆದುಹಾಕುತ್ತೆ, ಬಿ ಕೋಶದ ತನಕ ಹೋಗಲ್ಲ. ಪೆಪ್ಟೈಡ್ ಅಷ್ಟು ಬೇಗ ಮಾಯವಾಗಲ್ಲ, ಹತ್ತಾರು ಮೈಕ್ರೋಮೀಟರ್ ದೂರ ಹರಡುತ್ತೆ. ಬಸ್‌ಸ್ಟ್ಯಾಂಡಲ್ಲಿ ಕಂಡಕ್ಟರ್ "ಹಾಸನ ಹಾಸನ ಹಾಸನ" ಅಂತ ಕೂಗ್ತಾರಲ್ಲ, ಹಾಗೆ. ಕೂಗು ಎಲ್ಲರಿಗೂ ಕೇಳಿಸುತ್ತೆ, ಏಳೋದು ಹಾಸನಕ್ಕೆ ಹೋಗೋರು ಮಾತ್ರ. ಇಲ್ಲಿ ಹಾಸನಕ್ಕೆ ಹೋಗೋರು ಅಂದ್ರೆ ಆ ಪೆಪ್ಟೈಡ್‌ಗೆ ತಕ್ಕ ರಿಸೆಪ್ಟರ್ ಇರೋ ಕೋಶಗಳು. ಅಡ್ರೆಸ್ ಇರೋದು ವೈರ್‌ನಲ್ಲಲ್ಲ, ಕೇಳಿಸಿಕೊಳ್ಳೋನ ಹತ್ತಿರ.

ಕೇಳಿಸಿಕೊಂಡ ಕೋಶದಲ್ಲಿ ಏನಾಗುತ್ತೆ? ಇದೇ ಬುಲ್‌ಫ್ರಾಗ್ ಕೋಶಗಳಲ್ಲಿ 1980ರಲ್ಲಿ ಡೇವಿಡ್ ಬ್ರೌನ್ ಮತ್ತು ಪಾಲ್ ಆಡಮ್ಸ್ 'ಎಂ ಕರೆಂಟ್' ಅನ್ನೋದನ್ನ ಕಂಡುಹಿಡಿದರು. ಕೋಶದ ಪೊರೆಯಲ್ಲಿರೋ ಒಂದು ಬಗೆಯ ಪೊಟ್ಯಾಸಿಯಂ ಚಾನೆಲ್‌ನ ಕರೆಂಟ್ ಇದು. ಇದನ್ನ ಪುಲ್‌ಡೌನ್ ರೆಸಿಸ್ಟರ್ ಅಂದುಕೊಳ್ಳಿ. ಕೋಶ ಸುಮಾರು -60 ಮಿಲಿವೋಲ್ಟ್‌ನಲ್ಲಿದ್ದು ಮೇಲೆ ಏರೋಕೆ ನೋಡಿದಾಗಲೆಲ್ಲ ಇದು ಕೆಳಗೆ, -90ರ ಕಡೆಗೆ ಎಳೆಯುತ್ತೆ. ಹಾಗಾಗಿ ಕೋಶ ಒಂದು ಸಲ ಫೈರ್ ಆಗಿ ಸುಮ್ಮನಾಗುತ್ತೆ. ಎಲ್‌ಎಚ್‌ಆರ್‌ಎಚ್ ಬಂದಾಗ ರಿಸೆಪ್ಟರ್ ತಾನೇ ತೂತು ತೆರೆಯಲ್ಲ, ಒಳಗಿರೋ ಜಿ ಪ್ರೋಟೀನ್‌ಗೆ ಸುದ್ದಿ ಮುಟ್ಟಿಸುತ್ತೆ. ಅಲ್ಲಿಂದ ಒಂದು ಎಂಜೈಮ್ ಶುರುವಾಗಿ ಪೊರೆಯಲ್ಲಿರೋ ಪಿಐಪಿ2 ಅನ್ನೋ ಕೊಬ್ಬಿನ ಅಣುವನ್ನು ಒಡೆಯುತ್ತೆ. ಎಂ ಚಾನೆಲ್ ತೆರೆದಿರೋಕೆ ಆ ಅಣು ಬೇಕೇ ಬೇಕು. ಅದು ಕಮ್ಮಿಯಾದ್ರೆ ಚಾನೆಲ್ ಮುಚ್ಚುತ್ತೆ, ಪುಲ್‌ಡೌನ್ ಕಿತ್ತುಹೋಗುತ್ತೆ.

ಆಮೇಲಿನದು ಬರೀ ಓಮ್ಸ್ ಲಾ. ಚಾನೆಲ್ ಮುಚ್ಚಿದರೆ ರೆಸಿಸ್ಟೆನ್ಸ್ ಜಾಸ್ತಿ, ಮೊದಲು ಬರ್ತಿದ್ದಷ್ಟೇ ಇನ್‌ಪುಟ್ ಕರೆಂಟ್ ಈಗ ಹೆಚ್ಚು ವೋಲ್ಟೇಜ್ ಕೊಡುತ್ತೆ. ಒಂದು ಸಲ ಫೈರ್ ಆಗ್ತಿದ್ದ ಕೋಶ ಈಗ ನಾಲ್ಕಾರು ಸಲ ಆಗುತ್ತೆ. ನಮ್ಮ ಮೆಷಿನ್ ಲರ್ನಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಇಲ್ಲಿ ಬದಲಾಗೋದು ಯಾವುದೋ ಒಂದು ವೈರಿನ ವೆಯ್ಟ್ ಅಲ್ಲ, ರಿಸೆಪ್ಟರ್ ಇರೋ ಪ್ರತಿ ನೋಡ್‌ನ ಗೇಯ್ನ್.

ಕಪ್ಪೆ ಕಥೆ ಕಟ್ಟಿಕೊಂಡು ನಮಗೇನು ಅನ್ನಿಸಬಹುದು. ಎಂ ಚಾನೆಲ್ ನಮ್ಮ ಮೆದುಳಿನಲ್ಲೂ ಇದೆ. ಅದನ್ನ ಕಟ್ಟೋ ಜೀನ್‌ಗಳು ಕೆಸಿಎನ್‌ಕ್ಯೂ2 ಮತ್ತು ಕೆಸಿಎನ್‌ಕ್ಯೂ3 ಅಂತ 1998ರಲ್ಲಿ ಗೊತ್ತಾಯ್ತು. ಹುಟ್ಟಿದ ಕೆಲವೇ ದಿನಕ್ಕೆ ಮಗುವಿಗೆ ಫಿಟ್ಸ್ ಬರೋ ಒಂದು ಆನುವಂಶಿಕ ಕಾಯಿಲೆಗೆ ಕಾರಣ ಇವೇ ಜೀನ್‌ಗಳ ದೋಷ ಅಂತ ಗೊತ್ತಾಗಿದ್ದೂ ಅದೇ ವರ್ಷ. ಬ್ರೇಕ್ ಸರಿಯಾಗಿ ಹಿಡಿಯದ ಗಾಡಿ ಅದು. ಬಹಳಷ್ಟು ಮಕ್ಕಳಿಗೆ ತಿಂಗಳುಗಳಲ್ಲಿ ತಾನೇ ನಿಲ್ಲುತ್ತೆ, ಕೆಸಿಎನ್‌ಕ್ಯೂ2ದ ಕೆಲವು ದೋಷಗಳಲ್ಲಿ ಮಾತ್ರ ಮಗುವಿನ ಬೆಳವಣಿಗೆಯೇ ಕುಂಠಿತವಾಗುತ್ತೆ. ಈ ಚಾನೆಲ್ ತೆರೆದಿಡೋ ರೆಟಿಗಾಬಿನ್ ಅನ್ನೋ ಮೂರ್ಛೆರೋಗದ ಮಾತ್ರೆ 2011ರಲ್ಲಿ ಬಂತು, ಚರ್ಮ ನೀಲಿಯಾಗೋದು ಮುಂತಾದ ತೊಂದರೆ ಕಾಣಿಸಿಕೊಂಡು 2017ರಲ್ಲಿ ಮಾರುಕಟ್ಟೆಯಿಂದ ಹೋಯ್ತು. ಅದಕ್ಕಿಂತ ಒಳ್ಳೇದರ ಹುಡುಕಾಟ ನಡೀತಾನೇ ಇದೆ.

ನನ್ನ ಅಸೈನ್‌ಮೆಂಟ್ ವಿಷಯಕ್ಕೆ ಬಂದ್ರೆ, ಮೇಡಂ ಹತ್ತಿರ ಹೋಗಿ ಡಯಾಗ್ರಾಂ ಅರ್ಧ ತಪ್ಪು ಅಂತ ನಾನೇ ಹೇಳಿದೆ. ಮಾರ್ಕ್ಸ್ ಕಮ್ಮಿ ಮಾಡಲಿಲ್ಲ. "ಹಾಗಾದ್ರೆ ವೈರ್ ಇಲ್ಲದ ಕನೆಕ್ಷನ್ನನ್ನ ಹೇಗೆ ಬಿಡಿಸ್ತೀಯಪ್ಪಾ?" ಅಂದ್ರು. ಚುಕ್ಕಿ ಗೆರೆ ಹಾಕಿ ನೋಡಿದೆ, ಬಣ್ಣ ಹಚ್ಚಿ ನೋಡಿದೆ. ಇನ್ನೂ ಸರಿಯಾಗಿ ಬಂದಿಲ್ಲ.