ಮೂರೂಮುಕ್ಕಾಲು ಇಂಚಿನ ಲೆಕ್ಕ

ಪಾಲಿಟೆಕ್ನಿಕ್‌ನಲ್ಲಿ ಡ್ರಾಯಿಂಗ್ ಕಲಿಸುವ ನನಗೆ ಕೈಕಾಲು ಆಡಿಸಬಲ್ಲ ಆಕ್ಷನ್ ಫಿಗರ್ ಗೊಂಬೆ ಕಂಡರೆ ಮೊದಲು ಕಣ್ಣಿಗೆ ಬೀಳುವುದು ಮುಖವಲ್ಲ, ಅಳತೆ. ಒಂದು ನಾಲ್ಕು ಇಂಚಿಗೂ ಕಡಿಮೆ, ಇನ್ನೊಂದು ಆರು ಇಂಚು, ಮತ್ತೊಂದು ಒಂದಡಿ. ಈ ಅಳತೆಗಳ ಹಿಂದೆ ಗಟ್ಟಿ ಲೆಕ್ಕವಿದೆ.

1964ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಕಂಪನಿ ತಂದ ಸೈನಿಕ ಗೊಂಬೆ ಜಿ.ಐ. ಜೋ ಹತ್ತಿರಹತ್ತಿರ 12 ಇಂಚಿನವನು. ಆರಡಿ ಆಳು ಒಂದಡಿಯಾದ, ಅಂದರೆ 1:6 ಸ್ಕೇಲ್. 1959ರಲ್ಲೇ ಬಂದಿದ್ದ ಬಾರ್ಬಿಯೂ ಸುಮಾರು ಇಷ್ಟೇ ಎತ್ತರ. ಈ ಗಾತ್ರಕ್ಕೆ ನಿಜವಾದ ಬಟ್ಟೆ ಹೊಲಿಯಬಹುದು, ಗುಂಡಿ ಹಾಕಬಹುದು. ಗೊಂಬೆಯನ್ನು ಒಮ್ಮೆ ಕೊಂಡ ಮಗು ಸಮವಸ್ತ್ರ, ಬಂದೂಕು, ಡೇರೆಗೆಂದು ಮತ್ತೆ ಮತ್ತೆ ಅಂಗಡಿಗೆ ಬರುತ್ತದೆ. ಲಾಭವಿದ್ದದ್ದು ಅಲ್ಲಿ.

1973ರ ತೈಲ ಬಿಕ್ಕಟ್ಟಿನಲ್ಲಿ ಪ್ಲಾಸ್ಟಿಕ್ ದುಬಾರಿಯಾಯಿತು. ಇಲ್ಲಿ ನನ್ನ ವಿದ್ಯಾರ್ಥಿಗಳಿಗೆ ಹೇಳುವ ಪಾಠವೊಂದಿದೆ: ಆಕಾರ ಬದಲಿಸದೆ ಎತ್ತರವನ್ನು ಅರ್ಧ ಮಾಡಿದರೆ, ಬೇಕಾಗುವ ವಸ್ತು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. 12 ಇಂಚನ್ನು ಮೂರೂಮುಕ್ಕಾಲಕ್ಕೆ ಇಳಿಸಿದರೆ ಮೂವತ್ತರಲ್ಲಿ ಒಂದು ಪಾಲೂ ಬೇಕಾಗುವುದಿಲ್ಲ!

ಆದರೂ ಗೊಂಬೆ ಚಿಕ್ಕದಾಗಲು ಪ್ಲಾಸ್ಟಿಕ್ ಉಳಿತಾಯಕ್ಕಿಂತ ದೊಡ್ಡ ಕಾರಣ ವಾಹನ. 1977ರಲ್ಲಿ 'ಸ್ಟಾರ್ ವಾರ್ಸ್' ಸಿನಿಮಾ ಬಂದಾಗ ಆಟಿಕೆಯ ಹಕ್ಕು ಸಿನ್ಸಿನಾಟಿಯ ಕೆನ್ನರ್ ಕಂಪನಿಯ ಕೈಯಲ್ಲಿತ್ತು. ಆ ಕಥೆಯಲ್ಲಿ ಹಾನ್ ಸೋಲೊ ಇದ್ದರೆ ಅವನ ಹಡಗು ಮಿಲೆನಿಯಮ್ ಫಾಲ್ಕನ್ ಇರಲೇಬೇಕು. ಸುಮಾರು 35 ಮೀಟರ್ ಉದ್ದದ ಆ ಹಡಗನ್ನು ಒಂದಡಿ ಗೊಂಬೆಗೆ ತಕ್ಕಂತೆ ಮಾಡಿದರೆ ಆರು ಮೀಟರ್ ಆಗುತ್ತದೆ. ಯಾರ ಮನೆಯಲ್ಲಿ ಇಡುವುದು? ಕೆನ್ನರ್ ಮೂರೂಮುಕ್ಕಾಲು ಇಂಚನ್ನು ಆರಿಸಿತು. ಸ್ಕೇಲಿನಲ್ಲಿ ಅದು 1:18ರ ಆಸುಪಾಸು. ಆಗಲೂ ಫಾಲ್ಕನ್ ಎರಡು ಮೀಟರಿನಷ್ಟಾಗಬೇಕು. 1979ರಲ್ಲಿ ಮಾರಾಟಕ್ಕೆ ಬಂದದ್ದು ಅರ್ಧ ಮೀಟರಿನದು. ಕಾಕ್‌ಪಿಟ್ಟಿನಲ್ಲಿ ಗೊಂಬೆಗಳು ಕೂರುವಂತೆ ಜಾಗ ಬಿಟ್ಟು, ಉಳಿದ ಮೈಯನ್ನು ಕುಗ್ಗಿಸಿದ್ದರು. ಡ್ರಾಯಿಂಗ್ ಮೇಷ್ಟ್ರಾಗಿ ನಾನು ಇದಕ್ಕೆ ಅಂಕ ಕಳೆಯುವುದಿಲ್ಲ. ಮಗುವಿನ ಕಣ್ಣು ನೋಡುವುದು ಗೊಂಬೆ ಕೂರುತ್ತದೆಯೇ ಎಂಬುದನ್ನು.

1982ರಲ್ಲಿ ಜಿ.ಐ. ಜೋ ಕೂಡ ಈ ಅಳತೆಗೆ ಇಳಿದ. ಜೀಪು, ಟ್ಯಾಂಕು, ಹೆಲಿಕಾಪ್ಟರು ಸಾಲುಸಾಲಾಗಿ ಬಂದವು. 1985ರಲ್ಲಿ ಬಂದ ವಿಮಾನವಾಹಕ ನೌಕೆ ಏಳೂವರೆ ಅಡಿ ಉದ್ದವಿತ್ತು. ಅಮೆರಿಕದ ನಿಜವಾದ ದೊಡ್ಡ ನೌಕೆಯನ್ನು ಅದೇ ಸ್ಕೇಲಿಗೆ ಇಳಿಸಿದ್ದರೆ 60 ಅಡಿ ದಾಟುತ್ತಿತ್ತು. ಭಾರತದಲ್ಲಿ ಫನ್‌ಸ್ಕೂಲ್ ಕಂಪನಿ ತಯಾರಿಸಿ ಮಾರಿದ ಜಿ.ಐ. ಜೋಗಳೂ ಈ ಚಿಕ್ಕ ಅಳತೆಯವೇ.

ಆರು ಇಂಚು, ಅಂದರೆ 1:12, ದೊಡ್ಡವರ ಕಪಾಟಿನ ಅಳತೆ. 2002ರ ಮಾರ್ವೆಲ್ ಲೆಜೆಂಡ್ಸ್, 2013ರ ಸ್ಟಾರ್ ವಾರ್ಸ್ ಬ್ಲ್ಯಾಕ್ ಸೀರೀಸ್ ಗೊಂಬೆ ಸಾಲುಗಳು ಈ ಗಾತ್ರದವು. ಮುಖದ ಗೆರೆ, ಬೆರಳು, ಮಂಡಿಯ ಕೀಲು ಎಲ್ಲ ಸ್ಪಷ್ಟವಾಗಿ ಮೂಡುತ್ತವೆ. ಆದರೆ ಇವಕ್ಕೆ ಹೊಂದುವ ವಾಹನ ಮಾಡಹೊರಟರೆ ಗಾತ್ರವೂ ಬೆಲೆಯೂ ಏರುತ್ತವೆ, ಹಾಗಾಗಿ ವಾಹನಗಳು ವಿರಳ. ನೋಡುವುದಕ್ಕೆ ಆರು ಇಂಚು ಸೊಗಸು, ಆಡುವುದಕ್ಕೆ ಮೂರೂಮುಕ್ಕಾಲೇ ಮೇಲು.

ಮಗುವಿಗೆ ಗೊಂಬೆ ಕೊಳ್ಳುವವರು ಬೆಲೆಯ ಜೊತೆಗೆ ಪೆಟ್ಟಿಗೆಯ ಮೇಲಿನ ಇಂಚನ್ನೂ ಓದಿ. ಮನೆಯಲ್ಲಿ ಈಗಾಗಲೇ ಇರುವ ಜೀಪಿನಲ್ಲಿ ಅದು ಕೂರುವಂತಿರಲಿ.