ಕರಡಿಯಿಲ್ಲದ ನಾಡಿನ ಕರಡಿ ಸಾಹೇಬ

ಮೈಯೆಲ್ಲ ಕಪ್ಪು, ಕೆನ್ನೆಗೆ ಎರಡು ಕೆಂಪು ಬೊಟ್ಟು, ಸದಾ ಬೆರಗಾದಂತೆ ಅರಳಿದ ಕಣ್ಣು. ಜಪಾನಿನ ಕ್ಯೂಶು ದ್ವೀಪದಲ್ಲಿರುವ ಕುಮಾಮೊಟೊ ಪ್ರಾಂತ್ಯದ ಮಾರಾಟ ವಿಭಾಗದ ಮುಖ್ಯಸ್ಥರು ಕಾಣುವುದು ಹೀಗೆ. ಸಂತೋಷ ವಿಭಾಗವೂ ಇವರದೇ. ಹೆಸರು ಕುಮಾಮೊನ್, ಜಾತಿಯಿಂದ ಕರಡಿ. ತಮಾಷೆಯೆಂದರೆ ಕ್ಯೂಶುವಿನಲ್ಲಿ ಕಾಡುಕರಡಿಯ ಸಂತತಿಯೇ ಅಳಿದಿದೆ ಎಂದು ಜಪಾನಿನ ಪರಿಸರ ಸಚಿವಾಲಯ 2012ರಲ್ಲಿ ಹೇಳಿತು. ಅಷ್ಟರಲ್ಲಿ ಈ ಕರಡಿ ದೇಶದ ತುಂಬ ಹೆಸರು ಮಾಡಿಯಾಗಿತ್ತು.

ಊರಿಗೊಂದು, ಇಲಾಖೆಗೊಂದು ಎಂಬಂತೆ ಜಪಾನಿನಲ್ಲಿ ಇಂಥ ವೇಷದ ಬೊಂಬೆಗಳಿವೆ. ಅವುಗಳಿಗೆ 'ಯುರುಕ್ಯಾರಾ' ಎಂದು ಹೆಸರಿಟ್ಟವರು ಲೇಖಕ, ಚಿತ್ರಕಾರ ಜುನ್ ಮಿಯುರಾ. ಹಿಕೊನೆ ಕೋಟೆಯ 400ನೇ ವರ್ಷಾಚರಣೆ ನಡೆದ 2007ರಲ್ಲಿ ಸಮುರಾಯ್ ಶಿರಸ್ತ್ರಾಣ ತೊಟ್ಟ ಬಿಳಿ ಬೆಕ್ಕು ಹಿಕೊನ್ಯಾನ್ ಜನರನ್ನು ಹುಚ್ಚೆಬ್ಬಿಸಿತು. ನಮಗೂ ಒಂದಿರಲಿ ಎಂಬ ಪೈಪೋಟಿ ಆಮೇಲೆ ಬಿರುಸಾಯಿತು.

ಕುಮಾಮೊಟೊದ ಚಿಂತೆ ಬೇರೆಯಿತ್ತು. ಕ್ಯೂಶು ಬುಲೆಟ್ ರೈಲಿನ ಪೂರ್ಣ ಮಾರ್ಗ 2011ರ ಮಾರ್ಚ್ 12ರಂದು ತೆರೆಯುವುದಿತ್ತು. ಒಸಾಕಾದಿಂದ ಹೊರಟ ರೈಲು ನೇರ ಕಾಗೊಶಿಮಾಕ್ಕೆ ಹೋಗುತ್ತದೆ. ನಡುವಿನ ಕುಮಾಮೊಟೊದಲ್ಲಿ ಯಾರಾದರೂ ಯಾಕೆ ಇಳಿಯಬೇಕು? ಪ್ರಚಾರದ ಹೊಣೆ ಹೊತ್ತವರು ಅದೇ ಪ್ರಾಂತ್ಯದ ಮಗ, ಆಸ್ಕರ್ ಗೆದ್ದ 'ಡಿಪಾರ್ಚರ್ಸ್' ಸಿನಿಮಾದ ಚಿತ್ರಕಥೆ ಬರೆದ ಕುಂಡೊ ಕೊಯಾಮಾ. ಅವರು ವಿನ್ಯಾಸಕಾರ ಮನಬು ಮಿಜುನೊ ಅವರಿಂದ ಕೇಳಿದ್ದು ಒಂದು ಲಾಂಛನ, ಅಷ್ಟೇ. ಮಿಜುನೊ ಲಾಂಛನದ ಜೊತೆ, ಯಾರೂ ಕೇಳದಿದ್ದರೂ, ಒಂದು ಕರಡಿಯನ್ನೂ ಬರೆದುಕೊಟ್ಟರು. ಲಾಂಛನ ಇಂದು ಎಷ್ಟು ಜನರ ನೆನಪಿನಲ್ಲಿದೆಯೋ, ಕರಡಿಯಂತೂ ಉಳಿಯಿತು.

2010ರಲ್ಲಿ ಕುಮಾಮೊನ್ ಪ್ರಾಂತ್ಯದ ಹಂಗಾಮಿ ನೌಕರನಾದ. ಒಸಾಕಾದ ಬೀದಿಗಳಲ್ಲಿ ವಿಸಿಟಿಂಗ್ ಕಾರ್ಡ್ ಹಂಚುವುದು ಅವನ ಕೆಲಸ. ಸ್ವಲ್ಪ ದಿನಕ್ಕೆ ಅವನು 'ಕಾಣೆಯಾದ'. ಗವರ್ನರ್ ಇಕುವೊ ಕಬಶಿಮಾ ಪತ್ರಿಕಾಗೋಷ್ಠಿ ಕರೆದು, ಗಂಭೀರ ಮುಖದಲ್ಲೇ, ನಮ್ಮ ಕರಡಿಯನ್ನು ಹುಡುಕಿಕೊಡಿ ಎಂದು ಕೇಳಿಕೊಂಡರು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸಿದ್ದ ಪ್ರಾಧ್ಯಾಪಕರು ಅವರು! 2011ರಲ್ಲಿ ಕುಮಾಮೊನ್‌ಗೆ ಬಡ್ತಿ ಸಿಕ್ಕಿತು. ಅದೇ ವರ್ಷ ದೇಶದ ಯುರುಕ್ಯಾರಾ ಸ್ಪರ್ಧೆಯಲ್ಲಿ ಅವನೇ ಮೊದಲಿಗನಾದ. 2015ರಲ್ಲಿ ತೂಕ ಇಳಿಸಲು ಆಗಲಿಲ್ಲವೆಂದು ಕೆಲಕಾಲ ಹಿಂಬಡ್ತಿಯೂ ಆಯಿತು. ಸರ್ಕಾರಿ ಕಚೇರಿಯೊಂದು ತನ್ನನ್ನೇ ಗೇಲಿ ಮಾಡಿಕೊಳ್ಳಲು ಇಷ್ಟು ಧೈರ್ಯ ತೋರುವುದು ಅಪರೂಪ.

ಆದರೆ ಗೆಲುವಿನ ಗುಟ್ಟು ಮುದ್ದುಮುಖದಲ್ಲಿಲ್ಲ, ಒಂದು ಕಡತದಲ್ಲಿದೆ. ಪ್ರಾಂತ್ಯ ಚಿತ್ರದ ಹಕ್ಕನ್ನು ಕೊಂಡು, ಅನುಮತಿ ಕೇಳಿದವರಿಗೆ ಬಳಸಲು ಪುಕ್ಕಟೆ ಬಿಟ್ಟಿತು. ಷರತ್ತು ಇಷ್ಟೇ: ಅದರಿಂದ ಕುಮಾಮೊಟೊಗೆ ಪ್ರಚಾರ ಸಿಗಬೇಕು. ತಿನಿಸಿನ ಪೊಟ್ಟಣದ ಮೇಲೆ ಕರಡಿ ಬೇಕಿದ್ದರೆ ಒಳಗೆ ಅಲ್ಲಿನ ಬೆಳೆ ಇರಬೇಕು. ಹೀಗಾಗಿ ದೊಡ್ಡ ಕಂಪನಿಗಳೂ ಕುಮಾಮೊಟೊ ರೈತರ ಟೊಮೆಟೊ, ಕಿತ್ತಳೆ ಹುಡುಕಿಕೊಂಡು ಬಂದವು. ಕರಡಿ ಮುದ್ರೆಯ ಸರಕಿನ ಮಾರಾಟ 2011ರಲ್ಲಿ ಸುಮಾರು 250 ಕೋಟಿ ಯೆನ್ ಇದ್ದದ್ದು ಮರುವರ್ಷವೇ 2,900 ಕೋಟಿ ದಾಟಿತು. ವಿದೇಶಿ ಕಂಪನಿಗಳಿಂದ ರಾಯಧನ ಪಡೆಯಲು ಹೊರಟದ್ದು 2018ರಲ್ಲಿ, ಹೆಸರು ಗಟ್ಟಿಯಾದ ಮೇಲೆ. ಮೊದಲೇ ಶುಲ್ಕಕ್ಕೆ ಕೈಚಾಚಿದ್ದರೆ ಈ ಕರಡಿ ಕುಮಾಮೊಟೊ ಗಡಿ ದಾಟುತ್ತಿತ್ತೇ? ನನಗಂತೂ ಅನುಮಾನ.

2016ರ ಏಪ್ರಿಲ್ 14 ಮತ್ತು 16ರಂದು ಭೂಕಂಪಕ್ಕೆ ಕುಮಾಮೊಟೊ ನಡುಗಿತು. ಕುಮಾಮೊಟೊ ಕೋಟೆಯ ಕಲ್ಲುಗೋಡೆಗಳು ಕುಸಿದವು. ಕುಮಾಮೊನ್ ಕಾರ್ಯಕ್ರಮಗಳೆಲ್ಲ ನಿಂತವು. ಕರಡಿ ಎಲ್ಲಿ ಎಂದು ಜನ ವಿಚಾರಿಸತೊಡಗಿದರು. ಚಿತ್ರಕಾರರು ಅವನ ಚಿತ್ರ ಬರೆದು ಸಂತ್ರಸ್ತರಿಗೆ ಧೈರ್ಯ ಹೇಳಿದರು. ಮೇ 5, ಮಕ್ಕಳ ದಿನದಂದು, ಹೆಚ್ಚು ಹಾನಿಯಾಗಿದ್ದ ನಿಶಿಹರಾ ಹಳ್ಳಿಯ ಶಿಶುವಿಹಾರಕ್ಕೆ ಅವನು ಬಂದಾಗ ಮಕ್ಕಳು ಓಡಿಬಂದು ಅಪ್ಪಿಕೊಂಡವು. ರೈಲು ಪ್ರಯಾಣಿಕರನ್ನು ಇಳಿಸಿಕೊಳ್ಳಲು ಹುಟ್ಟಿದ ಬೊಂಬೆ ಊರಿನವರಿಗೇ ಬೇಕಾದವನಾಗಿದ್ದ.

ಎಲ್ಲ ಊರಿಗೂ ಈ ಭಾಗ್ಯವಿಲ್ಲ. ಬೊಂಬೆಗಳು ವಿಪರೀತವಾದವೆಂದು ಒಸಾಕಾ ಪ್ರಾಂತ್ಯ ಕಡಿತಕ್ಕೆ ಕೈಹಾಕಬೇಕಾಯಿತು. 2018ರ ಸ್ಪರ್ಧೆಯಲ್ಲಿ ನಗರಾಡಳಿತಗಳು ತಮ್ಮ ನೌಕರರಿಂದಲೇ ರಾಶಿ ರಾಶಿ ಮತ ಹಾಕಿಸಿದ್ದು ಬಯಲಾಯಿತು. 2020ಕ್ಕೆ ಆ ಸ್ಪರ್ಧೆಯೇ ಮುಗಿಯಿತು. ಕುಮಾಮೊಟೊದಿಂದ ಬೊಂಬೆಯನ್ನು ನಕಲು ಮಾಡಿದವರು ಬಹಳ, ಆ ಕಡತವನ್ನು ಓದಿದವರು ಕಡಿಮೆ.

ಅಂದಹಾಗೆ, ದಸರೆಯ ಗಾರುಡಿ ಗೊಂಬೆಯಲ್ಲಿರುವಂತೆ ಇದರೊಳಗೂ ಒಬ್ಬ ಆಳಿರಲೇಬೇಕು. ಪ್ರಾಂತ್ಯದವರು ಮಾತ್ರ ಒಪ್ಪುವುದಿಲ್ಲ. ಕುಮಾಮೊನ್ ಎಂದರೆ ಕುಮಾಮೊನ್, ಅಷ್ಟೇ. ಕುಮಾಮೊಟೊ ನಗರದ ತ್ಸುರುಯಾ ಮಳಿಗೆಯ ಕಟ್ಟಡದಲ್ಲಿ 'ಕುಮಾಮೊನ್ ಸ್ಕ್ವೇರ್' ಇದೆ. ಅಲ್ಲಿಗೆ ಹೋಗುವವರು ಸಾಹೇಬರು ಬರುವ ದಿನ, ಹೊತ್ತು ಮೊದಲೇ ನೋಡಿಕೊಳ್ಳಿ. ಒಳಗೆ ಯಾರಿದ್ದಾರೆ ಎಂದು ಮಾತ್ರ ಕೇಳಬೇಡಿ.