ವರ್ಣಭೇದವನ್ನು ಪಾಪವೆಂದು ಸಾರಿದ ಧರ್ಮಗುರುಗಳು

ಅನ್ಯಾಯಕ್ಕೆ ಧರ್ಮದ ಮುದ್ರೆ ಬಿದ್ದರೆ ಅದನ್ನು ಅಳಿಸುವುದು ಬಲು ಕಷ್ಟ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಗೆ ಅಂತಹ ಮುದ್ರೆಯಿತ್ತು. ಅಲ್ಲಿನ ಡಚ್ ಸುಧಾರಿತ ಚರ್ಚು 1857ರಲ್ಲಿಯೇ ಬಿಳಿಯರೂ ಬಿಳಿಯರಲ್ಲದವರೂ ಪ್ರತ್ಯೇಕವಾಗಿ ಆರಾಧಿಸಲು ಸಮ್ಮತಿಯಿತ್ತಿತ್ತು. 1948ರಲ್ಲಿ ವರ್ಣಭೇದವನ್ನು ರಾಜ್ಯನೀತಿಯಾಗಿಸಿದ ಪಕ್ಷದ ನಾಯಕ, ಪ್ರಧಾನಿ ಮಲಾನ್ ಅದೇ ಚರ್ಚಿನ ಪಾದ್ರಿಯಾಗಿದ್ದವರು.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ 69 ಜನ ಬಲಿಯಾದರು. ಆ ವರ್ಷಾಂತ್ಯದಲ್ಲಿ ಚರ್ಚುಗಳ ವಿಶ್ವಮಂಡಳಿಯು ಕಾಟೆಸ್ಲೋದಲ್ಲಿ ಸಮಾಲೋಚನೆ ನಡೆಸಿತು. ಅದರ ನಿರ್ಣಯಗಳನ್ನು ಡಚ್ ಸುಧಾರಿತ ಚರ್ಚು ತಿರಸ್ಕರಿಸಿತು. ಆದರೆ ಅದೇ ಚರ್ಚಿನ ಗುರು ಬೇಯರ್ಸ್ ನೌಡೆ ಅವರು ನಿರ್ಣಯಗಳಿಗೆ ಬದ್ಧರಾಗಿ ನಿಂತು, 1963ರಲ್ಲಿ ತಮ್ಮ ಗುರುಪೀಠವನ್ನೇ ತೊರೆದರು. 1977ರಲ್ಲಿ ಸರ್ಕಾರ ಅವರ ಮೇಲೆ ನಿರ್ಬಂಧ ಹೇರಿತು. ಏಳು ವರ್ಷ ಅವರು ಸಾರ್ವಜನಿಕವಾಗಿ ಮಾತನಾಡುವಂತಿರಲಿಲ್ಲ.

ಹೊರನಾಡುಗಳ ಬೆಂಬಲವೇಕೆ ಬೇಕಾಯಿತು? ಬಹುಸಂಖ್ಯಾತ ಕಪ್ಪು ಜನರಿಗೆ ಮತದಾನದ ಹಕ್ಕಿರಲಿಲ್ಲ. ಅವರ ಸಂಘಟನೆಗಳು ನಿಷೇಧಕ್ಕೊಳಗಾಗಿದ್ದವು. ಒಳಗಿನ ದಾರಿಗಳು ಮುಚ್ಚಿದಾಗ, ಆ ಆಡಳಿತಕ್ಕೆ ಬಲ ನೀಡುತ್ತಿದ್ದ ವ್ಯಾಪಾರ ಹಾಗೂ ಬಂಡವಾಳವನ್ನು ತಡೆಯುವುದೇ ಶಾಂತಿಯುತ ಮಾರ್ಗವಾಗಿ ಉಳಿಯಿತು. ಭಾರತವು 1946ರಲ್ಲಿಯೇ ಆ ದೇಶದೊಡನೆ ವ್ಯಾಪಾರ ನಿಲ್ಲಿಸಿ ಮೇಲ್ಪಂಕ್ತಿ ಹಾಕಿತ್ತೆಂಬುದು ಸ್ಮರಣೀಯ.

ಜೋಹಾನ್ಸ್‌ಬರ್ಗಿನ ಸೋಫಿಯಾಟೌನ್‌ನಲ್ಲಿ ಸೇವೆ ಸಲ್ಲಿಸಿದ್ದ ಆಂಗ್ಲ ಪಾದ್ರಿ ಟ್ರೆವರ್ ಹಡ್ಲ್‌ಸ್ಟನ್ ಅವರು ಬ್ರಿಟನ್ನಿನಲ್ಲಿ ಬಹಿಷ್ಕಾರ ಚಳವಳಿಗೆ ದನಿಯಾದರು. 1982ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೇರಿದ ಸುಧಾರಿತ ಚರ್ಚುಗಳ ವಿಶ್ವಒಕ್ಕೂಟವು ವರ್ಣಭೇದದ ಧಾರ್ಮಿಕ ಸಮರ್ಥನೆಯನ್ನು ಧರ್ಮವಿರೋಧಿಯೆಂದು ಘೋಷಿಸಿ, ಡಚ್ ಸುಧಾರಿತ ಚರ್ಚಿನ ಸದಸ್ಯತ್ವವನ್ನು ಅಮಾನತುಗೊಳಿಸಿತು. ವರ್ಣಭೇದಕ್ಕೆ ಗುರಿಯಾದ ಸಮುದಾಯದ ಅಲನ್ ಬೋಸಾಕ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಧರ್ಮದ ಮುದ್ರೆ ಅಲ್ಲಿ ಕಳಚಿಬಿತ್ತು.

ಡೆಸ್ಮಂಡ್ ಟುಟು ಅವರ ಪಾಸ್‌ಪೋರ್ಟನ್ನು ಸರ್ಕಾರ ಒಂದಕ್ಕಿಂತ ಹೆಚ್ಚು ಬಾರಿ ಕಸಿದುಕೊಂಡರೂ ಅವರು ದೇಶದೇಶಗಳಲ್ಲಿ ಆರ್ಥಿಕ ದಿಗ್ಬಂಧನಕ್ಕಾಗಿ ಒತ್ತಾಯಿಸಿದರು. ದಿಗ್ಬಂಧನದಿಂದ ಬಡ ಕಪ್ಪು ಜನರಿಗೇ ಹಾನಿಯೆಂಬ ಆಕ್ಷೇಪ ಬಂದಾಗ, ಅವರು ಈಗಾಗಲೇ ನರಳುತ್ತಿದ್ದಾರೆ, ಆ ನರಳಿಕೆಗೆ ಕೊನೆ ಬೇಕು ಎಂಬುದು ಅವರ ನಿಲುವಾಗಿತ್ತು. 1984ರಲ್ಲಿ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. 1986ರಲ್ಲಿ ಅಮೆರಿಕದ ಸಂಸತ್ತು ಅಧ್ಯಕ್ಷ ರೇಗನ್ ಅವರ ನಿರಾಕರಣಾಧಿಕಾರವನ್ನು ಮೀರಿ ದಿಗ್ಬಂಧನ ಕಾಯ್ದೆಯನ್ನು ಜಾರಿಗೆ ತಂದಿತು.

1990ರ ನವೆಂಬರಿನಲ್ಲಿ ರಸ್ಟೆನ್‌ಬರ್ಗಿನಲ್ಲಿ ಹಲವಾರು ಚರ್ಚುಗಳು ಒಂದೆಡೆ ಸೇರಿದಾಗ, ಡಚ್ ಸುಧಾರಿತ ಚರ್ಚಿನ ವಿದ್ವಾಂಸ ವಿಲ್ಲಿ ಯೋಂಕರ್ ಅವರು ತಮ್ಮ ಹಾಗೂ ತಮ್ಮವರ ಅಪರಾಧವನ್ನು ಸಭೆಯ ಮುಂದೆ ಒಪ್ಪಿಕೊಂಡರು. ಟುಟು ಅವರು ಎದ್ದು ಆ ಕ್ಷಮಾಯಾಚನೆಯನ್ನು ಸ್ವೀಕರಿಸಿದರು. 1994ರಲ್ಲಿ ಎಲ್ಲ ವರ್ಣದವರೂ ಒಟ್ಟಾಗಿ ಮತ ಚಲಾಯಿಸಿದರು.

ಸದ್ಭಕ್ತರು ಇಲ್ಲಿ ಗಮನಿಸಬೇಕಾದುದಿಷ್ಟು: ಈ ಗುರುಗಳು ಪರರನ್ನು ಪ್ರಶ್ನಿಸುವ ಮುನ್ನ ತಮ್ಮ ಧರ್ಮದ ಅಂಗಳವನ್ನೇ ಗುಡಿಸಿದರು. ಅವರ ಮಾತಿಗೆ ಜಗತ್ತು ಕಿವಿಗೊಟ್ಟಿದ್ದಕ್ಕೆ ಅದೂ ಒಂದು ಕಾರಣ.